ಬೀಜ ಹುಟ್ಟದಿದ್ದರೆ ಬೀಜವನ್ನೇ ಬೈಬೇಡಿ

ಎರಡು ಮಳೆ ಸರಿಯಾಗಿ ಬಿದ್ದರೆ ಸಾಕು, ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರೋಕೆ ಶುರುವಾಗುತ್ತವೆ. ಬೋಳು ಮಡಿಯ ಒಂದು ಫೋಟೊ, ಕೆಳಗೆ ಒಂದು ಸಾಲು: "ಹದಿನೈದು ದಿನ ಆಯ್ತು, ಒಂದೂ ಹುಟ್ಟಿಲ್ಲ. ಬೀಜನೇ ಸರಿ ಇಲ್ಲ ಅನ್ಸುತ್ತೆ." ಕಳಿಸುವವರಲ್ಲಿ ಟೆರೇಸಿನಲ್ಲಿ ಕುಂಡ ಇಟ್ಟವರಿದ್ದಾರೆ, ಪಕ್ಕದ ಖಾಲಿ ಸೈಟಿನಲ್ಲಿ ನಾಲ್ಕು ಸಾಲು ಸೊಪ್ಪು ಹಾಕಿಕೊಂಡವರಿದ್ದಾರೆ, ವಾರವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಶನಿವಾರ ಊರಿನ ಹಿತ್ತಲಿಗೆ ಓಡುವವರೂ ಇದ್ದಾರೆ.

ಎಲ್ಲರ ಹತ್ತಿರವೂ ಆರೋಪಿಗಳ ಪಟ್ಟಿ ಸಿದ್ಧವಾಗಿರುತ್ತದೆ. ಬೀಜ ಹಳೆಯದು. ಅಂಗಡಿಯವನು ಟೋಪಿ ಹಾಕಿದ. ಇರುವೆ ಹೊತ್ತುಕೊಂಡು ಹೋಯ್ತು. ನೀರು ಜಾಸ್ತಿಯಾಯ್ತು. ಇವುಗಳಲ್ಲಿ ಯಾವುದಾದರೂ ನಿಜ ಇರಬಹುದು. ಆದರೆ ಅದೇ ಫೋಟೊವನ್ನು ಎರಡು ಬೆರಳಲ್ಲಿ ಸ್ವಲ್ಪ ಹಿಗ್ಗಿಸಿ ನೋಡಿದರೆ, ಮಡಿಯ ಅಂಚಿನಲ್ಲಿ ಇನ್ನೊಬ್ಬ ಆರೋಪಿ ಆರಾಮಾಗಿ ನಿಂತಿರುತ್ತಾನೆ. ಕ್ಯಾರೆಟ್ ಸೊಪ್ಪಿನಂತೆ ಸೀಳು ಸೀಳಾದ ಎಲೆ, ತುದಿಯಲ್ಲಿ ಚಿಕ್ಕ ಚಿಕ್ಕ ಬಿಳಿ ಹೂ. ನಮ್ಮೆಲ್ಲರ ಹಳೆಯ ಪರಿಚಯದ ಪಾರ್ಥೇನಿಯಂ, ಹಳ್ಳಿ ಬಾಯಲ್ಲಿ ಕಾಂಗ್ರೆಸ್ ಗಿಡ. ಒಮ್ಮೊಮ್ಮೆ ಅದನ್ನು ಕಿತ್ತು ಮಡಿಯ ಮೇಲೆಯೇ ರಾಶಿ ಹಾಕಿರುವುದೂ ಕಾಣುತ್ತದೆ.

ಕಳೆ ಇದ್ದರೆ ಬೆಳೆ ಸೊರಗುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಕಳೆಯ ಎಲೆ, ಬೇರು, ಕಡೆಗೆ ಅದರ ಒಣಕಲು ಕಸ ಕೂಡ ಬೀಜ ಮೊಳೆಯೋದನ್ನೇ ತಡೆಯಬಲ್ಲದು ಅನ್ನೋದು ಅಷ್ಟಾಗಿ ಗೊತ್ತಿಲ್ಲ. ಈ ವಾರ ಅದರ ಬಗ್ಗೆಯೇ ಮಾತು.

ಕಸಿದು ತಿನ್ನುವುದು ಬೇರೆ, ವಿಷ ಇಡುವುದು ಬೇರೆ

ಕಳೆ ಎರಡು ರೀತಿಯಲ್ಲಿ ತೊಂದರೆ ಕೊಡುತ್ತದೆ. ಮೊದಲನೆಯದು ನೇರ ಪೈಪೋಟಿ. ಅದೇ ನೀರು, ಅದೇ ಗೊಬ್ಬರ, ಅದೇ ಬಿಸಿಲು; ಯಾರು ಬೇಗ ಬೆಳೀತಾರೋ ಅವರ ಪಾಲು ಜಾಸ್ತಿ. ಒಂದು ತಟ್ಟೆ ಊಟಕ್ಕೆ ನಾಲ್ಕು ಜನ ಕೂತ ಹಾಗೆ.

ಎರಡನೆಯದು ರಾಸಾಯನಿಕ. ಕೆಲವು ಗಿಡಗಳು ತಮ್ಮ ಮೈಯಲ್ಲಿ ತಯಾರಾದ ರಾಸಾಯನಿಕಗಳನ್ನು ಸುತ್ತಲಿನ ಮಣ್ಣಿಗೆ ಬಿಡುತ್ತವೆ. ಅವು ಅಕ್ಕಪಕ್ಕದ ಬೀಜ ಮೊಳೆಯುವುದನ್ನು, ಬೇರು ಉದ್ದವಾಗುವುದನ್ನು ತಡೆಯುತ್ತವೆ ಅಥವಾ ತಡಮಾಡುತ್ತವೆ. ಇದಕ್ಕೆ ವಿಜ್ಞಾನದಲ್ಲಿ ಅಲೆಲೊಪಥಿ ಅಂತ ಹೆಸರು. ಆಸ್ಟ್ರಿಯಾದ ಸಸ್ಯವಿಜ್ಞಾನಿ ಹಾನ್ಸ್ ಮೋಲಿಶ್ 1937ರಲ್ಲಿ ಕೊಟ್ಟ ಪದ ಇದು. ಗ್ರೀಕ್ ಭಾಷೆಯ 'ಪರಸ್ಪರ' ಮತ್ತು 'ಬಾಧೆ' ಎಂಬ ಎರಡು ಪದಗಳನ್ನು ಸೇರಿಸಿ ಮಾಡಿದ್ದು. ಪದ ಹೊಸದಾದರೂ ವಿಷಯ ಹಳೆಯದು. ವಾಲ್‌ನಟ್ ಮರದ ನೆರಳು ಬೇರೆ ಗಿಡಗಳಿಗೆ ಆಗಿಬರೋದಿಲ್ಲ ಅಂತ ರೋಮಿನ ಪ್ಲಿನಿ ಸುಮಾರು ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದ.

ಈ ರಾಸಾಯನಿಕಗಳು ಮಣ್ಣಿಗೆ ಸೇರುವ ದಾರಿಗಳು ಮುಖ್ಯವಾಗಿ ನಾಲ್ಕು. ಮಳೆ, ಇಬ್ಬನಿ ಎಲೆಯನ್ನು ತೊಳೆದು ಕೆಳಗೆ ಇಳಿಸುವುದು ಒಂದು. ಜೀವಂತ ಬೇರಿನಿಂದ ನೇರವಾಗಿ ಒಸರುವುದು ಎರಡು. ಕಿತ್ತು ಹಾಕಿದ ಗಿಡ ಮಣ್ಣಲ್ಲಿ ಕೊಳೆಯುವಾಗ ಹೊರಬರುವುದು ಮೂರು. ಕೆಲವು ಗಿಡಗಳಲ್ಲಿ ಎಲೆಯಿಂದ ಆವಿಯಾಗಿ ಹೊರಡುವುದು ನಾಲ್ಕು.

ಮೂರನೆಯ ದಾರಿಯನ್ನು ಸ್ವಲ್ಪ ಗಮನಿಸಿ. ಗಿಡ ಕಿತ್ತಾಯ್ತು, ಕೆಲಸ ಮುಗೀತು ಅಂದುಕೊಳ್ಳುತ್ತೇವಲ್ಲ, ಅಲ್ಲಿಗೆ ಮುಗಿಯೋದಿಲ್ಲ. ಪೈಪೋಟಿ ಕಿತ್ತ ದಿನವೇ ನಿಲ್ಲುತ್ತದೆ. ರಾಸಾಯನಿಕ ಹಾಗಲ್ಲ, ಕಿತ್ತ ಗಿಡ ಎಲ್ಲಿ ಬಿದ್ದಿದೆಯೋ ಅಲ್ಲಿ ಇನ್ನೂ ಸ್ವಲ್ಪ ದಿನ ಅದರ ಕೆಲಸ ನಡೆಯುತ್ತಲೇ ಇರುತ್ತದೆ.

ಬೀಜದೊಳಗೆ ಏನಾಗುತ್ತೆ?

ಬೀಜ ಮೊದಲು ನೀರು ಕುಡಿದು ಉಬ್ಬುತ್ತದೆ. ಆಮೇಲೆ ಒಳಗಿನ ಕಿಣ್ವಗಳು ಎದ್ದು, ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಶಕ್ತಿಯಲ್ಲಿ ಬೇರಿನ ತುದಿಯ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ಸಿಪ್ಪೆ ಸೀಳಿಕೊಂಡು ಹೊರಬರುತ್ತವೆ. ಹೆಸರುಕಾಳು ಮೊಳಕೆ ಕಟ್ಟುವಾಗ ನಾವು ದಿನಾ ನೋಡುವುದು ಇದನ್ನೇ.

ಕಳೆಯ ರಾಸಾಯನಿಕಗಳು ಈ ಸರಪಳಿಯ ಬೇರೆ ಬೇರೆ ಕೊಂಡಿಗಳಿಗೆ ಕೈ ಹಾಕುತ್ತವೆ. ಕೆಲವು ಕಿಣ್ವಗಳ ಕೆಲಸ ನಿಧಾನ ಮಾಡುತ್ತವೆ, ಕೆಲವು ಕೋಶ ವಿಭಜನೆಗೆ ಅಡ್ಡ ಬರುತ್ತವೆ, ಕೆಲವು ಕೋಶದ ಪೊರೆಯನ್ನೇ ಕೆಡಿಸುತ್ತವೆ. ಸಾಮಾನ್ಯವಾಗಿ ಮೊದಲ ಪೆಟ್ಟು ಬೀಳುವುದು ಬೇರಿಗೆ. ಹಾಗಾಗಿ ಬೀಜ ಪೂರ್ತಿ ಸಾಯಲೇಬೇಕು ಅಂತಿಲ್ಲ. ಮೊಳೆಯುತ್ತದೆ, ಆದರೆ ಬೇರು ಗಿಡ್ಡ. ತುದಿ ಕಂದು ತಿರುಗಿರುತ್ತದೆ. ಸಸಿ ಮೇಲೆ ಬಂದರೂ ಎರಡೆಲೆಯಲ್ಲೇ ನಿಂತುಬಿಡುತ್ತದೆ. ಒಂದು ಸಸಿ ಇವತ್ತು, ಇನ್ನೊಂದು ಮುಂದಿನ ವಾರ, ಮತ್ತೊಂದು ಬರಲೇ ಇಲ್ಲ ಅನ್ನುವ ಹಾಗೆ ಮಡಿ ತುಂಬ ಏರುಪೇರು.

ಇದರಲ್ಲಿ ಬೀಜದ ಗಾತ್ರಕ್ಕೂ ಪಾತ್ರ ಇದೆ. ಅವರೆ, ಬೀನ್ಸ್, ಕುಂಬಳದಂಥ ದಪ್ಪ ಬೀಜಗಳಲ್ಲಿ ಬುತ್ತಿ ಜಾಸ್ತಿ, ಸ್ವಲ್ಪ ತಡೆದುಕೊಳ್ಳುತ್ತವೆ. ಟೊಮೆಟೊ, ಬದನೆ, ಕೋಸು, ಮೂಲಂಗಿ, ದಂಟಿನ ಸೊಪ್ಪಿನಂಥ ಸಣ್ಣ ಬೀಜಗಳ ಬುತ್ತಿ ಬಲು ಚಿಕ್ಕದು. ನಾವು ತರಕಾರಿ ಅಂತ ಬಿತ್ತುವುದರಲ್ಲಿ ಹೆಚ್ಚಿನವು ಈ ಎರಡನೇ ಗುಂಪಿನವೇ. ಹೊಲದ ಬೆಳೆಗಿಂತ ತರಕಾರಿ ಮಡಿಯಲ್ಲಿ ಈ ವಿಷಯಕ್ಕೆ ಹೆಚ್ಚು ಬೆಲೆ ಕೊಡಬೇಕಾದ್ದು ಅದಕ್ಕೇ.

ಬೆಂಗಳೂರಲ್ಲೇ ನಡೆದ ಸಂಶೋಧನೆ

ಪಾರ್ಥೇನಿಯಂ ಮೂಲತಃ ಅಮೆರಿಕ ಖಂಡದ ಉಷ್ಣ ಪ್ರದೇಶದ ಗಿಡ. ಭಾರತದಲ್ಲಿ ಅದು ಕಳೆಯಾಗಿ ಎಲ್ಲರ ಕಣ್ಣಿಗೆ ಬಿದ್ದದ್ದು 1955ರಲ್ಲಿ, ಪುಣೆಯಲ್ಲಿ. ಅಮೆರಿಕದಿಂದ ಬಂದ ಗೋಧಿಯ ಜೊತೆ ಬೀಜ ಬಂತು, ಆಗ ಕಾಂಗ್ರೆಸ್ ಸರ್ಕಾರ ಇತ್ತು, ಅದಕ್ಕೇ ಆ ಹೆಸರು ಅನ್ನುವುದು ಜನ ಹೇಳುವ ಕಥೆ. ಹೆಸರಿನ ಕಥೆ ಏನೇ ಇರಲಿ, ಗಿಡದ ವೇಗ ಮಾತ್ರ ಭಯಂಕರ. ಮೊಳೆತು ಒಂದು ತಿಂಗಳ ಆಸುಪಾಸಿಗೇ ಹೂ ಬಿಡುತ್ತದೆ. ಚೆನ್ನಾಗಿ ಬೆಳೆದ ಒಂದೇ ಗಿಡದಿಂದ 15,000ಕ್ಕೂ ಹೆಚ್ಚು ಬೀಜ ಉದುರಬಹುದು.

ಈ ಗಿಡದ ಮುಖ್ಯ ಅಸ್ತ್ರದ ಹೆಸರು ಪಾರ್ಥೇನಿನ್. ಎಲೆ, ಕಾಂಡ, ಹೂವುಗಳ ಮೇಲಿನ ಸಣ್ಣ ಕೂದಲುಗಳಲ್ಲಿ ಅದು ಇರುತ್ತದೆ. ಕೆಲವರಿಗೆ ಈ ಗಿಡ ಮುಟ್ಟಿದರೆ ಮೈ ತುರಿಸಿ ಗಂಧೆ ಏಳುವುದಕ್ಕೂ ಇದೇ ಮುಖ್ಯ ಕಾರಣ. ಇದರ ಜೊತೆಗೆ ಕೆಫೀಕ್, ಫೆರೂಲಿಕ್, ವೆನಿಲಿಕ್ ಮುಂತಾದ ಫೀನಾಲಿಕ್ ಆಮ್ಲಗಳೂ ಇವೆ. ಒಂದೊಂದೇ ಆಗಿ ದುರ್ಬಲ ಅನ್ನಿಸಿದರೂ ಒಟ್ಟಾದಾಗ ಪರಿಣಾಮ ಜೋರು.

ಇದನ್ನು ಮೊದಲು ಬಿಡಿಸಿ ತೋರಿಸಿದವರಲ್ಲಿ ನಮ್ಮವರೇ ಇದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಕಾಂಚನ್ ಮತ್ತು ಜಯಚಂದ್ರ ಅವರು 1979, 1980ರ ಹೊತ್ತಿಗೆ ಪಾರ್ಥೇನಿಯಂ ಬಗ್ಗೆ ಸಾಲುಸಾಲಾಗಿ ಪ್ರಬಂಧ ಪ್ರಕಟಿಸಿದರು. ಬೇರಿನಿಂದ ಒಸರುವುದೆಷ್ಟು, ಎಲೆಯಿಂದ ತೊಳೆದು ಇಳಿಯುವುದೆಷ್ಟು ಅಂತ ಒಂದೊಂದನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿದರು. ದ್ವಿದಳ ಬೆಳೆಗಳ ಬೇರಿಗೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾಗಳಿಗೂ ಈ ಕಳೆಯಿಂದ ಪೆಟ್ಟು ಬೀಳುತ್ತದೆ ಎಂದು ತೋರಿಸಿದರು.

ಎಲ್ಲಕ್ಕಿಂತ ಅಚ್ಚರಿಯದ್ದು ಪರಾಗದ ವಿಷಯ. ಪಾರ್ಥೇನಿಯಂ ಪರಾಗ ಗಾಳಿಯಲ್ಲಿ ಮುದ್ದೆ ಮುದ್ದೆಯಾಗಿ ಹಾರಿ ಪಕ್ಕದ ಬೆಳೆಯ ಮೇಲೆ ಕೂರುತ್ತದೆ. ಎಲೆಯ ಮೇಲೆ ಕೂತರೆ ಎಲೆಯ ಹಸಿರು ಕಡಿಮೆಯಾಗುತ್ತದೆ. ಟೊಮೆಟೊ, ಬದನೆ, ಬೀನ್ಸ್‌ನಂಥ ತರಕಾರಿಗಳ ಹೂವಿನ ಶಲಾಕಾಗ್ರದ ಮೇಲೆ ಕೂತರೆ ಕಾಯಿ ಕಚ್ಚುವುದೇ ಕುಗ್ಗುತ್ತದೆ. ಅಂದರೆ ಬೇರು ಬೇರಿಗೆ ತಾಗಲೇಬೇಕಿಲ್ಲ, ಬೇಲಿಯಾಚೆ ನಿಂತೇ ಈ ಗಿಡ ನಿಮ್ಮ ಟೊಮೆಟೊ ಫಸಲಿಗೆ ಕೈ ಹಾಕಬಲ್ಲದು. "ಅದು ನಮ್ಮ ಸೈಟಲ್ಲಿ ಇಲ್ವಲ್ಲ, ಪಕ್ಕದ ಸೈಟಲ್ಲಿ ತಾನೇ ಇರೋದು" ಅಂತ ಸುಮ್ಮನಿರುವ ಹಾಗಿಲ್ಲ.

ಪಾರ್ಥೇನಿಯಂ ಒಂದೇ ಅಲ್ಲ. ಜೇಕು, ಕೆಲವು ಕಡೆ ಕೊನ್ನಾರಿ ಅಥವಾ ತುಂಗೆ ಗಡ್ಡೆ ಅನ್ನುತ್ತಾರಲ್ಲ, ಅದರ ಗಡ್ಡೆಯ ಸಾರವೂ ತರಕಾರಿ ಬೀಜಗಳನ್ನು ತಡೆಯುವುದು ಅನೇಕ ಪರೀಕ್ಷೆಗಳಲ್ಲಿ ಕಂಡಿದೆ. ಗರಿಕೆ, ಲಂಟಾನ, ಮಲೆನಾಡು ಕರಾವಳಿಯವರು ಕಮ್ಯುನಿಸ್ಟ್ ಗಿಡ ಅನ್ನುವ ಕಳೆ, ಇವೆಲ್ಲ ಇದೇ ಪಟ್ಟಿಯಲ್ಲಿವೆ. ರಾಜಕೀಯ ಪಕ್ಷಗಳನ್ನೆಲ್ಲ ಕಳೆಗಳ ಹೆಸರಲ್ಲಿ ಸೇರಿಸಿಟ್ಟ ನಮ್ಮ ಜನರ ತಮಾಷೆಗೆ ಮೆಚ್ಚಲೇಬೇಕು.

ಚಿಕ್ಕಮ್ಮನ ಬದನೆ ಬೀಜ

ಈ ವಿಷಯ ನನಗೆ ಬರೀ ಓದಿನದ್ದಲ್ಲ. ಮಾಗಡಿ ಕಡೆಯ ನನ್ನ ಚಿಕ್ಕಮ್ಮನ ಹತ್ತಿರ ಒಂದು ಬದನೆ ಬೀಜ ಇದೆ. ಅವರು ಮದುವೆಯಾಗಿ ಬರುವಾಗ ತವರಿಂದ ಸೆರಗಲ್ಲಿ ಕಟ್ಟಿಕೊಂಡು ಬಂದದ್ದು. ಮೋಟು ಕಾಯಿ, ತಿಳಿ ಹಸಿರು ಬಣ್ಣ, ಎಣ್ಣೆಗಾಯಿ ಮಾಡಿದರೆ ಬೆಣ್ಣೆ. ಪ್ರತಿ ವರ್ಷ ಒಂದೆರಡು ಕಾಯಿ ಗಿಡದಲ್ಲೇ ಹಳದಿಯಾಗೋಕೆ ಬಿಟ್ಟು, ಬೀಜ ತೆಗೆದು, ತೊಳೆದು, ಬೂದಿ ಕಲಸಿ ಒಣಗಿಸಿ, ಬಟ್ಟೆ ಗಂಟಲ್ಲಿ ಕಟ್ಟಿಡುತ್ತಾರೆ. ಆ ಊರಲ್ಲಿ ಈಗ ಆ ತಳಿ ಇರುವುದು ಅವರ ಮನೆಯಲ್ಲಿ ಮಾತ್ರ.

ಹೋದ ವರ್ಷ ಎರಡು ಸಲ ಒಟ್ಲು ಹಾಕಿದರೂ ಸರಿಯಾಗಿ ಹುಟ್ಟಲಿಲ್ಲ. ಚಿಕ್ಕಮ್ಮನ ಮಗ ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡ್ತಾನೆ, ವಾರಕ್ಕೊಮ್ಮೆ ಊರಿಗೆ ಹೋಗ್ತಾನೆ. ಅವನದು ಒಂದೇ ಮಾತು. "ಅಕ್ಕ, ನೀನೇ ಸ್ವಲ್ಪ ಹೇಳು ಅಮ್ಮಂಗೆ. ಆ ಬೀಜಕ್ಕೆ ವಯಸ್ಸಾಗಿದೆ. ಹೈಬ್ರಿಡ್ ಪ್ಯಾಕೆಟ್ ತಂದಿದೀನಿ, ಹಾಕು ಅಂದ್ರೆ ಮುಖ ತಿರುಗಿಸ್ಕೊಂಡು ಹೋಗ್ತಾರೆ."

ಚಿಕ್ಕಮ್ಮನದು ಇನ್ನೊಂದು. "ಅವನಿಗೇನು ಗೊತ್ತಾಯ್ತದೆ ಕಣೇ? ನಮ್ಮವ್ವನ ಕೈಯಿಂದ ಬಂದಿದ್ದು. ಹೋದೊರ್ಷದ್ ಕಾಯಿಂದ ತೆಗ್ದಿರೋ ಬೀಜಕ್ಕೆ ಎಂಥ ವಯಸ್ಸು?"

ಮಾತು ಬೀಜದಿಂದ ಶುರುವಾಗಿ ಎಲ್ಲೆಲ್ಲಿಗೋ ಹೋಗಿತ್ತು. ಊರಿಗೆ ಬರೋದೇ ಅಪರೂಪ, ಬಂದವನು ಎಲ್ಲ ಬದಲಾಯಿಸು ಅಂತಾನೆ ಅನ್ನೋದು ಅವರ ಸಂಕಟ. ಅಮ್ಮ ಬಿಸಿಲಲ್ಲಿ ಸುಮ್ಮನೆ ಒದ್ದಾಡ್ತಾರೆ ಅನ್ನೋದು ಇವನ ಸಂಕಟ.

ನಾನು ಹೋಗಿ ನೋಡಿದಾಗ ಒಟ್ಲು ಮಡಿಯ ಮೇಲೆ ಒಣಗಿದ ಪಾರ್ಥೇನಿಯಂ ಹರಡಿತ್ತು. "ಮಲ್ಚಿಂಗ್ ಅಕ್ಕ, ತೇವ ಉಳಿಯುತ್ತೆ ಅಂತ ವಿಡಿಯೋದಲ್ಲಿ ನೋಡ್ದೆ. ಬೇಲಿ ಪಕ್ಕದ್ದೆಲ್ಲ ಕೊಯ್ದು ನಾನೇ ಹಾಕಿದ್ದು" ಅಂದ. ಪಾಪ, ಅಮ್ಮನ ಕೆಲಸ ಕಡಿಮೆಯಾಗಲಿ ಅಂತಲೇ ಮಾಡಿದ್ದು. ಮುಚ್ಚಿಗೆ ಹಾಕುವುದು ಒಳ್ಳೆಯ ಅಭ್ಯಾಸವೂ ಹೌದು. ಹಾಕಿದ ಸೊಪ್ಪು ಯಾವುದು ಅನ್ನೋದರಲ್ಲಿ ಮಾತ್ರ ಎಡವಟ್ಟು.

ಯಾರು ಸರಿ ಅಂತ ನಾನು ತೀರ್ಪು ಕೊಡಲಿಲ್ಲ. ನಾಲ್ಕು ತಟ್ಟೆ ತರಿಸಿದೆ. ಗಂಟು ಬಿಚ್ಚಿ ನಾಲ್ಕಕ್ಕೂ ಅದೇ ಬೀಜ, ಇಪ್ಪತ್ತಿಪ್ಪತ್ತು ಎಣಿಸಿ. ಮೊದಲನೆಯದಕ್ಕೆ ಒದ್ದೆ ಬಟ್ಟೆ, ಬರೀ ನೀರು. ಎರಡನೆಯದಕ್ಕೂ ಬಟ್ಟೆ, ಆದರೆ ಒಂದು ಹಿಡಿ ಪಾರ್ಥೇನಿಯಂ ಎಲೆಯನ್ನು ರಾತ್ರಿಯಿಡೀ ನೆನೆಸಿ ಸೋಸಿದ ನೀರು. ಮೂರನೆಯದಕ್ಕೆ ಆ ಒಟ್ಲು ಮಡಿಯ ಮೇಲ್ಮಣ್ಣು. ನಾಲ್ಕನೆಯದಕ್ಕೆ ಹಿತ್ತಲಿನ ಇನ್ನೊಂದು ಮೂಲೆಯ, ಕಳೆ ಇಲ್ಲದ ಜಾಗದ ಮಣ್ಣು. ನಾಲ್ಕೂ ಒಂದೇ ನೆರಳಲ್ಲಿ. ದಿನಾ ಒಂದು ಫೋಟೊ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕುವ ಕೆಲಸ ಚಿಕ್ಕಮ್ಮನದು.

ಹತ್ತು ಹನ್ನೆರಡು ದಿನದಲ್ಲಿ ಚಿತ್ರ ಸ್ಪಷ್ಟವಾಯ್ತು. ಬರೀ ನೀರಿನ ತಟ್ಟೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಮೊಳೆತಿದ್ದವು. ಎಲೆ ನೀರಿನ ತಟ್ಟೆಯಲ್ಲಿ ಅರ್ಧಕ್ಕೂ ಕಮ್ಮಿ, ಮೊಳೆತವುಗಳ ಬೇರೂ ಮೊಂಡು. ಬೇರೆ ಮೂಲೆಯ ಮಣ್ಣಲ್ಲಿ ಚೆನ್ನಾಗಿ ಬಂದವು. ಒಟ್ಲು ಮಡಿಯ ಮಣ್ಣಲ್ಲಿ ಕೆಲವೇ ಕೆಲವು, ಅದೂ ತಡವಾಗಿ.

ನಾಲ್ಕು ತಟ್ಟೆಯಿಂದ ಎಲ್ಲ ತಪ್ಪೂ ಪಾರ್ಥೇನಿಯಂದೇ ಅಂತ ಸಾಬೀತಾಗೋದಿಲ್ಲ. ಆ ಮಡಿಯ ಮಣ್ಣಲ್ಲಿ ಶಿಲೀಂಧ್ರ ಇದ್ದಿರಬಹುದು, ಬೇರೆ ಏನೋ ಇದ್ದಿರಬಹುದು. ಆದರೆ ಒಂದು ವಿಷಯ ಮಾತ್ರ ಅನುಮಾನಕ್ಕೆ ಎಡೆಯಿಲ್ಲದೆ ತೀರ್ಮಾನವಾಯ್ತು: ಬೀಜ ಸತ್ತಿರಲಿಲ್ಲ. ತಮ್ಮ ಗ್ರೂಪಿನಲ್ಲಿ ಏನೂ ಬರೆಯಲಿಲ್ಲ. ಮುಂದಿನ ಶನಿವಾರ ಊರಿಗೆ ಹೋದವನು ಮಡಿ ಮೇಲಿನ ಕಸವನ್ನೆಲ್ಲ ಗುಡಿಸಿ ತೆಗೆದು, ಬೀಜ ಹಾಕೋಕೆ ಟ್ರೇ, ಕೋಕೋಪೀಟ್ ತಂದಿಟ್ಟ ಅಂತ ಚಿಕ್ಕಮ್ಮ ಫೋನ್ ಮಾಡಿ ಹೇಳಿದರು. "ನನ್ ಬೀಜಕ್ಕೆ ಅಂಟಿದ್ ಅಪವಾದ ಹೋಯ್ತಲ್ಲ, ಸಾಕು ಬಿಡು" ಅಂದರು.

ಆ ಗಂಟು ಇನ್ನೊಂದು ವರ್ಷ ಹೀಗೇ ಹುಟ್ಟದೆ ಹೋಗಿದ್ದರೆ ಕಸದ ಬುಟ್ಟಿ ಸೇರುತ್ತಿತ್ತು. ಹಳೆ ತಳಿಗಳು ನಮ್ಮ ಮನೆಗಳಿಂದ ಕಣ್ಮರೆಯಾಗುವುದು ಹೀಗೆಯೇ, ಸದ್ದಿಲ್ಲದೆ, ಯಾರದೋ ತಪ್ಪಿಗೆ.

ಎಲ್ಲಕ್ಕೂ ಕಳೆಯೇ ಕಾರಣ ಅಲ್ಲ

ಇದನ್ನು ಓದಿ ನಾಳೆಯಿಂದ ಎಲ್ಲದಕ್ಕೂ ಅಲೆಲೊಪಥಿ ಅಂತ ಹೇಳಿಬಿಡಬೇಡಿ. ತಟ್ಟೆಯಲ್ಲಿ ಎಲೆ ರಸ ಹಾಕಿದಾಗ ಕಾಣುವ ಪರಿಣಾಮ ಮಣ್ಣಿನಲ್ಲಿ ಅಷ್ಟೇ ಜೋರಾಗಿ ಕಾಣಬೇಕು ಅಂತಿಲ್ಲ. ಎಲೆ ನೆನೆಸಿದ ನೀರು ಗಟ್ಟಿ, ಮಣ್ಣಿಗೆ ಇಳಿಯುವುದು ತೆಳು. ಜೊತೆಗೆ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿವೆ. ಅವು ಪಾರ್ಥೇನಿನ್‌ನಂಥ ಪದಾರ್ಥಗಳನ್ನು ಒಡೆದು ತಿನ್ನುತ್ತವೆ. ಬೆಚ್ಚಗಿರುವ, ತೇವ ಇರುವ, ಗೊಬ್ಬರ ಉಂಡ ಮಣ್ಣಿನಲ್ಲಿ ಈ ಕೆಲಸ ಬೇಗ ನಡೆಯುತ್ತದೆ. ದಿನ, ವಾರಗಳ ಲೆಕ್ಕವೇ ಹೊರತು ಮಣ್ಣು ವರ್ಷಗಟ್ಟಲೆ ಕೆಟ್ಟುಹೋಯ್ತು ಅಂತ ಹೆದರಬೇಕಿಲ್ಲ.

ಹಾಗಾಗಿ ಮೊದಲು ಸಾಮಾನ್ಯ ಕಾರಣಗಳನ್ನು ನೋಡಿ. ಬೀಜ ತೀರಾ ಆಳಕ್ಕೆ ಬಿತ್ತೇ? ಮೇಲ್ಮಣ್ಣು ಒಣಗಿ ಹೆಕ್ಕಳೆ ಕಟ್ಟಿತೇ? ನೀರು ನಿಂತು ಕೊಳೆಯಿತೇ? ಇವೆಲ್ಲ ಸರಿ ಇದ್ದೂ, ಕಳೆ ದಟ್ಟವಾಗಿದ್ದ ಅಥವಾ ಕಳೆ ಕೊಳೆಯುತ್ತಿರುವ ಜಾಗದಲ್ಲೇ ಮೊಳಕೆ ಕುಂಟುತ್ತಿದ್ದರೆ ಆಗ ಈ ಕಡೆ ಅನುಮಾನ ಪಡಿ. ತಟ್ಟೆ ಪರೀಕ್ಷೆಗೆ ಖರ್ಚಿಲ್ಲ, ಎಲ್ಲರೂ ಮಾಡಬಹುದು.

ಹಾಗಾದರೆ ಏನು ಮಾಡೋಣ?

ಹೂವಿಗೆ ಮೊದಲೇ ಕೀಳಿ. ಮಳೆ ಬಿದ್ದ ಮೇಲೆ, ಮಣ್ಣು ಮೆತ್ತಗಿರುವಾಗ ಬೇರು ಸಮೇತ ಬರುತ್ತದೆ. ಹೂ ಬಂದ ಮೇಲೆ ಕಿತ್ತರೆ ಅರ್ಧ ಬೀಜ ಅಲ್ಲೇ ಉದುರಿಸಿ ಬಂದಂತೆ. ಗ್ಲೌಸ್ ಹಾಕಿ, ತುಂಬು ತೋಳಿನ ಅಂಗಿ ತೊಡಿ, ಮೂಗಿಗೆ ಮಾಸ್ಕ್ ಇರಲಿ. ಅಲರ್ಜಿ, ಉಬ್ಬಸ ಇರುವವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಹಸಿ ಕಳೆಯನ್ನು ಬಿತ್ತನೆ ಮಡಿಗೆ ಹೊದಿಸಬೇಡಿ. ಮುಚ್ಚಿಗೆಗೆ ಭತ್ತದ ಹುಲ್ಲು, ಕಬ್ಬಿನ ತರಗು, ಒಣ ಎಲೆ ಬಳಸಿ. ಅದೂ ಸಣ್ಣ ಬೀಜ ಬಿತ್ತಿದ ಮಡಿಯಾದರೆ ತೆಳ್ಳಗೆ ಹಾಕಿ, ಮೊಳಕೆ ಕಂಡ ದಿನ ತೆಗೆಯಿರಿ.

ಕಿತ್ತದ್ದನ್ನು ಗೊಬ್ಬರ ಮಾಡಿ, ಆದರೆ ಪೂರ್ತಿ ಕೊಳೆಯಲಿ. ಹೂ ಬಿಡದ ಪಾರ್ಥೇನಿಯಂನಿಂದ ಒಳ್ಳೆಯ ಕಾಂಪೋಸ್ಟ್ ಆಗುತ್ತದೆ. ಸಗಣಿ, ಮಣ್ಣು ಬೆರೆಸಿ, ತೇವ ಇಟ್ಟು, ಮಗುಚುತ್ತಾ ಇರಿ. ಗುರುತು ಸಿಗದಷ್ಟು ಕಪ್ಪಾಗಿ, ಮಣ್ಣಿನ ವಾಸನೆ ಬಂದ ಮೇಲೆಯೇ ಮಡಿಗೆ ಹಾಕಿ. ಹೂ ಬಂದ ಗಿಡಗಳನ್ನು ರಾಶಿಗೆ ಸೇರಿಸಬೇಡಿ. ಸರಿಯಾಗಿ ಕಾವು ಬರದ ರಾಶಿಯಲ್ಲಿ ಬೀಜ ಸಾಯುವುದಿಲ್ಲ, ಗೊಬ್ಬರದ ಜೊತೆ ಮಡಿಗೇ ವಾಪಸ್ ಬರುತ್ತದೆ.

ಕಿತ್ತ ದಿನವೇ ಬಿತ್ತಬೇಡಿ. ಕಳೆ ದಟ್ಟವಾಗಿದ್ದ ಜಾಗವನ್ನು ಅಗೆದು, ಬೇರು ಕಸ ಆರಿಸಿ, ಕೊಟ್ಟಿಗೆ ಗೊಬ್ಬರ ಸೇರಿಸಿ, ನೀರು ಕೊಟ್ಟು ಎರಡು ಮೂರು ವಾರ ಬಿಡಿ. ಇದರಿಂದ ಎರಡು ಲಾಭ. ಉಳಿದ ರಾಸಾಯನಿಕ ಕರಗಲು ಸಮಯ ಸಿಗುತ್ತದೆ. ಮಣ್ಣಲ್ಲಿ ಅಡಗಿದ್ದ ಕಳೆ ಬೀಜಗಳೂ ಆ ನೀರಿಗೆ ಮೊಳೆಯುತ್ತವೆ. ಅವನ್ನು ಮೇಲಿಂದ ಮೇಲೆ ಕೆರೆದು ತೆಗೆದು ಆಮೇಲೆ ಬಿತ್ತಿ. ಆಳಕ್ಕೆ ಅಗೆಯಬೇಡಿ, ಕೆಳಗಿನ ಕಳೆ ಬೀಜ ಮೇಲೆ ಬರುತ್ತದೆ.

ಸಣ್ಣ ಬೀಜಗಳನ್ನು ಟ್ರೇಯಲ್ಲಿ ಬೆಳೆಸಿ. ಟೊಮೆಟೊ, ಬದನೆ, ಮೆಣಸಿನಕಾಯಿ, ಕೋಸುಗಳನ್ನು ಟ್ರೇಯಲ್ಲಿ ಮೊಳೆಸಿ, ನಾಲ್ಕೈದು ಎಲೆ ಬಂದ ಮೇಲೆ ನಾಟಿ ಮಾಡಿದರೆ ಅತಿ ನಾಜೂಕಿನ ದಿನಗಳು ಸುರಕ್ಷಿತವಾಗಿ ಕಳೆದಿರುತ್ತವೆ. ಮೂಲಂಗಿ, ಕ್ಯಾರೆಟ್‌ಗಳನ್ನು ನಾಟಿ ಮಾಡಲಾಗದು. ಅವಕ್ಕೆ ಅತ್ಯಂತ ಸ್ವಚ್ಛ ಮಡಿ ಮೀಸಲಿಡಿ.

ಮೊದಲ ಒಂದೂವರೆ ತಿಂಗಳು ಕಣ್ಣಿಡಿ. ತರಕಾರಿ ಬೆಳೆಗೆ ಕಳೆಯ ಪೆಟ್ಟು ಹೆಚ್ಚು ಬೀಳುವುದು ಈ ಆರಂಭದ ದಿನಗಳಲ್ಲೇ. ಆಮೇಲೆ ಗಿಡವೇ ನೆರಳು ಕಟ್ಟಿಕೊಳ್ಳುತ್ತದೆ.

ಜೇಕಿಗೆ ಬೇರೆ ಉಪಾಯ. ಮೇಲಿನ ಹುಲ್ಲು ಕಿತ್ತರೆ ಏನೂ ಆಗುವುದಿಲ್ಲ, ಗಡ್ಡೆ ಮಣ್ಣಲ್ಲೇ ಇರುತ್ತದೆ. ಮುಳ್ಳುಗುದ್ದಲಿಯಿಂದ ಮಣ್ಣು ಸಡಿಲಿಸಿ ಗಡ್ಡೆ ಆರಿಸಿ, ಬಿಸಿಲಿಗೆ ಚೆನ್ನಾಗಿ ಒಣಹಾಕಿ. ಟಿಲ್ಲರ್ ಓಡಿಸಿದರೆ ಗಡ್ಡೆಗಳ ಸರ ತುಂಡಾಗಿ ಮಡಿ ತುಂಬ ಹರಡಿಕೊಳ್ಳುತ್ತದೆ.

ಇದೇ ಅಸ್ತ್ರ ನಮ್ಮ ಕೈಯಲ್ಲೂ ಇದೆ

ಗಿಡಗಳ ಈ ರಾಸಾಯನಿಕ ಜಗಳದಲ್ಲಿ ನಮಗೆ ಉಪಯೋಗಕ್ಕೆ ಬರುವುದೂ ಇದೆ. ಉತ್ತರ ಕರ್ನಾಟಕದ ಜೋಳವನ್ನೇ ನೋಡಿ. ಅದರ ಬೇರುಗೂದಲಿನಿಂದ ಸೋರ್ಗೋಲಿಯೋನ್ ಎಂಬ ಪದಾರ್ಥ ಒಸರುತ್ತದೆ, ಅದು ಹಲವು ಕಳೆಗಳನ್ನು ಹತ್ತಿಕ್ಕುತ್ತದೆ. ತಗಚೆ ಜಾತಿಯ ಗಿಡಗಳು, ಚೆಂಡು ಹೂ ದಟ್ಟವಾಗಿ ಬೆಳೆದ ಕಡೆ ಪಾರ್ಥೇನಿಯಂ ಹಿಂದೆ ಸರಿಯುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಂ. ಮಹದೇವಪ್ಪ ಅವರು ಇಂಥ ಪ್ರತಿಸ್ಪರ್ಧಿ ಗಿಡಗಳ ಮೂಲಕ ಪಾರ್ಥೇನಿಯಂ ಹಿಮ್ಮೆಟ್ಟಿಸುವ ವಿಚಾರವನ್ನು ಬಹಳ ಪ್ರಚಾರ ಮಾಡಿದ್ದರು. ಬೇಲಿಯಂಚಿಗೆ ಎರಡು ಸಾಲು ಚೆಂಡು ಹೂ ಹಾಕಿ, ಕಳೆಗೂ ತಡೆ, ದಸರಾ ದೀಪಾವಳಿಗೆ ಹೂವೂ ಆಯ್ತು.

ಇನ್ನೊಬ್ಬ ಗೆಳೆಯ ಇದ್ದಾನೆ. ಪಾರ್ಥೇನಿಯಂ ಎಲೆ ಮೇಲೆ ಕೆನೆ ಬಣ್ಣದ ಬೆನ್ನಿಗೆ ಕಂದು ಗೆರೆಗಳಿರುವ ಪುಟ್ಟ ದುಂಬಿ ಕಂಡರೆ ಓಡಿಸಬೇಡಿ. 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತರಿಸಿ, ಪರೀಕ್ಷೆ ಮಾಡಿ, ಮರುವರ್ಷ ಬಿಡುಗಡೆ ಮಾಡಿದ ದುಂಬಿ ಅದು. ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳನ್ನು ಜರಡಿ ಮಾಡುವುದೇ ಅದರ ಕೆಲಸ.

ಇಷ್ಟೆಲ್ಲ ಒಂದೇ ವೀಕೆಂಡಿಗೆ ಆಗುವ ಕೆಲಸ ಅಲ್ಲ ಅಂತ ನನಗೂ ಗೊತ್ತು. ಈ ಭಾನುವಾರ ಒಂದು ಕೆಲಸ ಮಾತ್ರ ಮಾಡಿ. ಮೊಳೆಯಲಿಲ್ಲ ಅಂತ ಮೂಲೆಗೆಸೆದ ಬೀಜದ ಪೊಟ್ಟಣ ಹುಡುಕಿ, ಒದ್ದೆ ಬಟ್ಟೆಯ ಮೇಲೆ ಇಪ್ಪತ್ತು ಬೀಜ ಇಟ್ಟು ತಟ್ಟೆ ಮುಚ್ಚಿ. ದಂಟು, ಮೂಲಂಗಿ ಆದರೆ ಮೂರು ನಾಲ್ಕು ದಿನ, ಬದನೆ, ಮೆಣಸಿನಕಾಯಿ ಆದರೆ ಹತ್ತು ಹನ್ನೆರಡು ದಿನ ಕಾಯಿರಿ. ಒಂದೂ ಮೊಳೆಯದಿದ್ದರೆ ಬೀಜ ಬದಲಾಯಿಸಿ. ಮೊಳೆತರೆ ಬೀಜಕ್ಕೆ ಬೈದದ್ದು ಸಾಕು ಅಂತ ತಿಳಿದು, ಗ್ಲೌಸ್ ಹಾಕಿಕೊಂಡು ಮಡಿ ಕಡೆ ನಡೆಯಿರಿ.